ಏಳನೆಯ ಬುಟ್ಟಿ

ಸಾವಂತ್ರವ್ವನನ್ನು ನಾನು ಮೊದಲು ಮಾತನಾಡಿಸಿದ್ದೇ ಬೈಯುವುದಕ್ಕೆ. ಪುಣೆ ಪಕ್ಕದ ಚಾಕಣದ ಒಳರಸ್ತೆಯಲ್ಲಿರುವ ಸ್ವಪ್ನಿಲ್‌ನ ಪ್ಲೇಟಿಂಗ್ ಶೆಡ್ಡಿನ ಹಿಂದೆ, ನಳದ ಕಟ್ಟೆಯ ಮೇಲೆ ಕೂತು, ಕೈಗೆ ಗ್ಲೋವ್ಸ್ ಇಲ್ಲದೆ, ಆನೋಡ್ ಚೀಲದೊಳಗಿನ ಕರಿ ಗಷ್ಟನ್ನು ಬೆರಳುಗಳ ನಡುವೆ ತಿಕ್ಕಿ ತಿಕ್ಕಿ ನೋಡುತ್ತಿದ್ದಳು, ಅಕ್ಕಿಯಲ್ಲಿ ಹರಳು ಹುಡುಕುವವರಂತೆ. ನಿಕಲ್ ಮೈಗೆ ಹತ್ತಿದರೆ ತುರಿಕೆ ಎದ್ದು ಚರ್ಮ ಬಿರಿಯುತ್ತದೆ. ಆಕೆಯ ಬೆರಳ ಸಂದುಗಳು ಆಗಲೇ ಬಿರಿದಿದ್ದವು.

"ಏನವ್ವಾ, ಕೈ ಬ್ಯಾಡಾಗ್ಯಾವೇನು?" ಎಂದು ರೇಗಿದೆ.

"ಗ್ಲೋವ್ಸ್ ಹಾಕ್ಕೊಂಡ್ರ ಕೈಗೆ ಗೊತ್ತಾಗಂಗಿಲ್ರಿ ಸರ," ಎಂದಳು, ತಲೆ ಎತ್ತದೆ.

ಏನು ಗೊತ್ತಾಗುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಒಂದು ವರ್ಷದ ತಲೆನೋವು ತಪ್ಪುತ್ತಿತ್ತು. ಆದರೆ ನಾನು ಕೇಳುವ ಜಾತಿಯವನಲ್ಲ, ಹೇಳುವ ಜಾತಿಯವನು. ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಪ್ಲೇಟಿಂಗ್ ಕೆಮಿಕಲ್ ಮಾರುವುದು ನನ್ನ ಕೆಲಸ. ಯಾರದಾದರೂ ಟ್ಯಾಂಕು ಕೆಟ್ಟರೆ ಔಷಧದ ಡಬ್ಬಿ ಹಿಡಿದು ಓಡುವವನೂ ನಾನೇ. ದೆವ್ವ, ದೃಷ್ಟಿ, ನಿಂಬೆಹಣ್ಣು ಎಂದವರಿಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತ ಬಂದವನು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಈ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಟ್ಯಾಂಕಿನಲ್ಲಿ ಹಸಿರು ದ್ರಾವಣ. ನಡುವೆ ಹೊಳಪು ಕೊಡಬೇಕಾದ ಸಾಮಾನನ್ನು ತೂಗುಬಿಡುತ್ತಾರೆ. ಸ್ವಪ್ನಿಲ್‌ನ ಶೆಡ್ಡಿನಲ್ಲಿ ಅದು ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಮೇಲೆ ಕೂರುವ ಗಾರ್ಡ್. ಎರಡೂ ಬದಿಗೆ ಏಳೇಳು ಜಾಳಿಗೆ ಬುಟ್ಟಿಗಳು, ಅವುಗಳಲ್ಲಿ ನಿಕಲ್ ತುಂಡುಗಳು. ಕರೆಂಟ್ ಹರಿದಂತೆ ತುಂಡುಗಳು ಕರಗಿ ಗಾರ್ಡಿನ ಮೇಲೆ ಕನ್ನಡಿಯಂಥ ಹೊಳಪಾಗಿ ಕೂಡುತ್ತವೆ. ಕರಗದೆ ಉಳಿದ ಕರಿ ಗಷ್ಟು ದ್ರಾವಣಕ್ಕೆ ಸೇರಬಾರದೆಂದು ಪ್ರತಿ ಬುಟ್ಟಿಗೂ ಬಟ್ಟೆಯ ಚೀಲ ತೊಡಿಸಿರುತ್ತಾರೆ. ಹದಿನೈದು ದಿನಕ್ಕೊಮ್ಮೆ ಚೀಲ ಕಳಚಿ ತೊಳೆಯಬೇಕು. ಬುಟ್ಟಿಯನ್ನು ಮಾತ್ರ ಯಾರೂ ಬರಿದು ಮಾಡುವುದಿಲ್ಲ. ತುಂಡು ತಗ್ಗಿದಷ್ಟೂ ಮೇಲಿನಿಂದ ಸುರಿಯುತ್ತ ಹೋಗುತ್ತಾರೆ. ದ್ರಾವಣವನ್ನೂ ಚೆಲ್ಲುವುದಿಲ್ಲ. ಸ್ವಪ್ನಿಲ್‌ನ ಟ್ಯಾಂಕಿನದು ಅವನ ತಂದೆಯ ಕಾಲದ್ದು, ಇಪ್ಪತ್ತಮೂರು ವರ್ಷ ಹಳೆಯದು.

ಅದರಲ್ಲಿ ಇಪ್ಪತ್ತೆರಡು ವರ್ಷ ಅದನ್ನು ನೋಡಿಕೊಂಡವನು ಸಾವಂತ್ರವ್ವನ ಗಂಡ ಗುರಣ್ಣ. ಜಮಖಂಡಿ ಕಡೆಯವನು. ಓದು ನಾಲ್ಕನೆಯ ಇಯತ್ತೆ, ಆದರೆ ದ್ರಾವಣದ ಬಣ್ಣ ನೋಡಿ ಏನು ಕಡಿಮೆಯಾಗಿದೆ ಎಂದು ಹೇಳುತ್ತಿದ್ದ, ನನ್ನ ಟೆಸ್ಟ್ ಆಮೇಲೆ ಅದನ್ನೇ ಹೇಳುತ್ತಿತ್ತು. ನನಗೆ ಅದರಿಂದ ಸಿಟ್ಟೂ ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಹೋದ ವರ್ಷ ಶ್ರಾವಣದಲ್ಲಿ ಅವನು ಹನ್ನೊಂದು ದಿನ ಊಟ ಬಿಟ್ಟ. ಕೇಳಿದವರಿಗೆ ಆ್ಯಸಿಡಿಟಿ ಎಂದ. ಹನ್ನೆರಡನೆಯ ದಿನ ನಿಗಡಿ ಬಡಾವಣೆಯ ತನ್ನ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ತಿಂಗಳು ಮುಗಿಯುವ ಮೊದಲೇ ಸಾವಂತ್ರವ್ವ ಶೆಡ್ಡಿಗೆ ಬಂದು ಚೀಲ ತೊಳೆಯುವ ಕೆಲಸ ಕೇಳಿದಳು. ಅಲ್ಲಿಯತನಕ ಆಕೆ ಮನೆಯಲ್ಲಿ ರೊಟ್ಟಿ ಬಡಿದು ಕನ್ನಡದ ಹುಡುಗರ ಮೆಸ್ಸಿಗೆ ಕೊಡುತ್ತಿದ್ದವಳು. ಮಗಳು ದೀಪಾಲಿ ಭೋರ್ ಎಂಬ ಊರಿನಲ್ಲಿ ನರ್ಸ್. ನನ್ನ ಬಳಿ ಬಂದಿರು ಎಂದು ವಾರಕ್ಕೊಮ್ಮೆ ಫೋನ್ ಮಾಡಿ ಜಗಳವಾಡುತ್ತಿದ್ದಳು. ಆಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ತಳವಡೆ ದಾರಿಯ ಶೇರ್ ಗಾಡಿ ಹತ್ತಿ ಬರುತ್ತಿದ್ದಳು. ಚೀಲಗಳನ್ನು ಬೇರೆಯವರು ಮುಟ್ಟಿದರೆ ಮಾತ್ರ ಆಕೆಯ ಮುಖ ಕೆಂಪಾಗುತ್ತಿತ್ತು.

ಗುರಣ್ಣ ಹೋಗಿ ಒಂದೂವರೆ ತಿಂಗಳಿಗೆ ಗಾರ್ಡುಗಳ ಮೇಲೆ ಆ ಕಲೆ ಬಂತು.

ಎಲ್ಲ ಗಾರ್ಡಿನ ಮೇಲೂ ಅಲ್ಲ. ಏಳನೆಯ ಬುಟ್ಟಿಯ ಎದುರು ತೂಗಿದವುಗಳ ಮೇಲೆ ಮಾತ್ರ. ಗಾರ್ಡನ್ನು ಕೈಯಲ್ಲಿ ಹಿಡಿದರೆ ನಿಮ್ಮ ಮುಖ ಕಾಣುತ್ತದೆ, ಕೊರಳು ಕಾಣುತ್ತದೆ, ಎದೆಯ ನಡುವೆ ನಿಂಬೆಹಣ್ಣಿನಷ್ಟು ಕಪ್ಪು. ಯಾರು ಹಿಡಿದರೂ ಅಷ್ಟೇ, ಉದ್ದನೆಯವರಿರಲಿ, ಗಿಡ್ಡನೆಯವರಿರಲಿ, ಅದು ಎದೆಯ ಮೇಲೇ ಬಂದು ಕೂರುತ್ತಿತ್ತು. ನಾನು ದ್ರಾವಣ ಪರೀಕ್ಷಿಸಿದೆ. ತಾಮ್ರ ಬೆರೆತಿತ್ತು. ತಾಮ್ರ ಬೆರೆತರೆ ಕಪ್ಪು ಬರುವುದು ಸಹಜ ಎಂದು ಎಲ್ಲರ ಎದುರು ಗೆದ್ದವನಂತೆ ಹೇಳಿದೆ. ಆದರೆ ದ್ರಾವಣವನ್ನು ಕೆಳಗಿನಿಂದ ಗಾಳಿ ಊದಿ ಹಗಲೆಲ್ಲ ಕಲಕುತ್ತಿರುತ್ತಾರೆ. ಬೆರೆತದ್ದು ಎಲ್ಲ ಕಡೆ ಬೆರೆಯಬೇಕು. ಇದು ಮಾತ್ರ ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಕೂರುತ್ತಿತ್ತು.

ತಾಮ್ರ ತೆಗೆಯುವ ದಾರಿ ಇದೆ. ಮಡಿಕೆ ಮಡಿಕೆಯಾದ ತಗಡೊಂದನ್ನು ಇಳಿಬಿಟ್ಟು ತೀರ ಕಡಿಮೆ ಕರೆಂಟಿನಲ್ಲಿ ಎರಡು ದಿನ ಬಿಟ್ಟರೆ ತಾಮ್ರವೆಲ್ಲ ತಗಡಿಗೆ ಹತ್ತಿಕೊಳ್ಳುತ್ತದೆ. ಹಾಗೇ ಮಾಡಿದೆ. ದ್ರಾವಣ ಶುದ್ಧವಾಯಿತು. ಹತ್ತು ಹನ್ನೆರಡು ದಿನಕ್ಕೆ ತಾಮ್ರ ಹೊಳ್ಳಿ ಬಂತು. ಮತ್ತೆ ತೆಗೆದೆ, ಮತ್ತೆ ಬಂತು. ಕರೆಂಟಿನ ತಾಮ್ರದ ಪಟ್ಟಿಗಳಿಂದ ಹನಿ ಬೀಳುತ್ತಿದೆಯೋ ಎಂದು ಹತ್ತಿ ನೋಡಿದೆ. ಹಿತ್ತಾಳೆಯ ತುಂಡೇನಾದರೂ ಬಿದ್ದಿದೆಯೋ ಎಂದು ದ್ರಾವಣವನ್ನು ಬೇರೆ ಟ್ಯಾಂಕಿಗೆ ಪಂಪು ಮಾಡಿಸಿ ತಳವನ್ನೆಲ್ಲ ಕೆರೆಸಿದೆ. ಏನೂ ಇಲ್ಲ. ಆ ದಿನ ಸಾವಂತ್ರವ್ವ ಸೀರೆ ಮೇಲೆ ಕಟ್ಟಿ ತಾನೇ ಟ್ಯಾಂಕಿಗಿಳಿದು ಮೂಲೆ ಮೂಲೆ ಬಳಿದಿದ್ದಳು. ಏಳನೆಯ ಬುಟ್ಟಿಯನ್ನು ಎತ್ತಿಸಿ ಕೊಕ್ಕೆ ನೋಡಿದೆ, ಜಾಳಿಗೆ ನೋಡಿದೆ. ಒಳಗಿನದನ್ನು ಸುರಿಸಲೇ ಎಂದುಕೊಳ್ಳುವಷ್ಟರಲ್ಲಿ ಆಕೆ, "ಅದರಾಗೇನಿಲ್ರಿ ಸರ, ನಾ ನೋಡೀನಿ," ಎಂದಿದ್ದಳು. ಸೀಲ್ ಒಡೆದ ಡ್ರಮ್ಮಿನಿಂದ ಸುರಿದ ಶುದ್ಧ ನಿಕಲ್, ಅದರಲ್ಲಿ ಏನಿರಲು ಸಾಧ್ಯ ಎಂದು ನಾನೂ ಬಿಟ್ಟೆ. ಅಂಥ ದೊಡ್ಡ ತಜ್ಞ ನಾನು.

ಕೆಲಸಗಾರರು ಅಷ್ಟರಲ್ಲಿ ತಮ್ಮದೇ ಕಾರಣ ಹುಡುಕಿಕೊಂಡಿದ್ದರು. ಏಳನೆಯ ಜಾಗಕ್ಕೆ ಗಾರ್ಡ್ ತೂಗಲು ಇಬ್ಬರು ಒಲ್ಲೆ ಎಂದರು. ಗಾರ್ಡಿನಲ್ಲಿ ಮುಖ ನೋಡಿಕೊಂಡರೆ ಬೆನ್ನ ಹಿಂದೆ ಇನ್ನೊಬ್ಬ ನಿಂತಿರುತ್ತಾನಂತೆ. ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲೆ ಏನನ್ನೋ ತಡಕುತ್ತಿರುತ್ತಾನಂತೆ. ನಾನು ಅವರನ್ನು ಚೆನ್ನಾಗಿ ಹೀಯಾಳಿಸಿದೆ.

ಈ ಭಾದ್ರಪದದಲ್ಲಿ ಸ್ವಪ್ನಿಲ್‌ನ ತಾಳ್ಮೆ ತೀರಿತು. ಮೂವತ್ತು ದಾಟದ, ಎಂದೂ ದನಿ ಎತ್ತದ ಹುಡುಗ. ಒಂದು ಮಂಗಳವಾರ ಮಧ್ಯಾಹ್ನ ನನ್ನನ್ನು ಟ್ಯಾಂಕಿನ ಬಳಿ ಕರೆದು, "ಕಾಕಾ, ಪುರೇ ಝಾಲಂ ಆತಾ," ಎಂದ. ಸಾಕಾಯಿತು ಅವನಿಗೆ. ಕಲೆಯ ಗಾರ್ಡುಗಳೆಲ್ಲ ವಾಪಸು ಬರುತ್ತಿದ್ದವು. ದಸರೆಯ ಒಳಗೆ ಹೊಸ ಟ್ಯಾಂಕು ಕೂರಿಸುತ್ತಾನೆ. ಶುಕ್ರವಾರ ಟ್ಯಾಂಕರ್ ಬಂದು ದ್ರಾವಣವನ್ನು ವಿಷತ್ಯಾಜ್ಯ ಹೂಳುವ ಜಾಗಕ್ಕೆ ಒಯ್ಯುತ್ತದೆ. ಅದೇ ದಿನ ಟ್ಯಾಂಕು, ಬುಟ್ಟಿ, ಬುಟ್ಟಿಯೊಳಗಿನದು ಎಲ್ಲ ಗುಜರಿಯವನಿಗೆ. ಹಳೆಯದು ಒಂದು ತುಂಡೂ ಬೇಡ ಎಂದ.

ಚೀಲ ಹೊತ್ತು ಬರುತ್ತಿದ್ದ ಸಾವಂತ್ರವ್ವ ಅಲ್ಲೇ ನಿಂತುಬಿಟ್ಟಳು. ನಾನು ಸ್ಕೂಟರಿನ ಹತ್ತಿರ ಹೋಗುವಷ್ಟರಲ್ಲಿ ಹಿಂದೆಯೇ ಬಂದಳು.

"ಸರ, ಟ್ಯಾಂಕರ್ ನಿಂದರಸ್ರಿ."

"ನನ್ನ ಕೈಯಾಗ ಏನದವ್ವಾ? ಅವನ ಮಾಲು, ಅವ ಒಗೀತಾನ."

"ಅದರಾಗ ನಮ್ಮ ಮನಿಯವರ ಲಿಂಗ ಅದರಿ."

ನಳದ ಕಟ್ಟೆಯ ಮೇಲೆ ಕೂತು ಆಕೆ ಹೇಳಿದಳು. ಗುರಣ್ಣನ ಕೊರಳಲ್ಲಿ ಸದಾ ಇಷ್ಟಲಿಂಗವಿರುತ್ತಿತ್ತು. ಹುಟ್ಟಿದಾಗ ಅಪ್ಪ ಕಟ್ಟಿಸಿದ್ದು. ಸತ್ತಾಗ ಅಂಗೈಯಲ್ಲಿಟ್ಟು ಮಣ್ಣು ಮಾಡುವವರೆಗೂ ಮೈ ಬಿಟ್ಟು ಹೋಗಕೂಡದ್ದು. ಅದನ್ನಿಡುವ ಹಿತ್ತಾಳೆಯ ಕರಡಿಗೆಗೆ ಅವನೇ ಇದೇ ಟ್ಯಾಂಕಿನಲ್ಲಿ ನಿಕಲ್ ಹೊಳಪು ಕೊಟ್ಟುಕೊಂಡಿದ್ದ. ಕರಡಿಗೆ ಕಟ್ಟಿದ್ದು ಹತ್ತಿಯ ದಾರಕ್ಕೆ. ಶೆಡ್ಡಿನ ಆವಿಗೆ ಹತ್ತಿ ಕೊಳೆಯುತ್ತದೆ ಎಂದೇ ನಾವು ಚೀಲಗಳನ್ನು ಪ್ಲಾಸ್ಟಿಕ್ ನೂಲಿನಿಂದ ಮಾಡಿಸುತ್ತೇವೆ. ಇಪ್ಪತ್ತೆರಡು ವರ್ಷ ಅದನ್ನು ಎಲ್ಲರಿಗೂ ಹೇಳಿಕೊಟ್ಟವನು ತನ್ನ ಕೊರಳ ದಾರವನ್ನು ಮರೆತಿದ್ದ. ಒಂದು ದಿನ ಸಂಜೆ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ದಾರದ ತುಂಡಷ್ಟೇ ಇತ್ತು.

"ಲಿಂಗ ಇಲ್ಲದ ಮೈಯಾಗ ಉಣಬಾರದು ಅಂತ ನಮ್ಮಲ್ಲಿ. ಅಯ್ಯನೋರ ಕಡೆ ಹೋಗಿ ಹೊಸಾದು ಕಟ್ಟಿಸ್ಕೊಳ್ಳಾಕ ನಾಚಿಕಿ. ನನಗೂ ಹೇಳಿರಲಿಲ್ರಿ. ಗೊತ್ತಾಗಬಾರದಂತ ಬಟ್ಟ್ಯಾಗ ಒಂದು ಅಡಿಕಿ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ರು. ಒಂಬತ್ತನೇ ದಿನ ನಾ ಹಿಡಿದು ಕೇಳಿದ್ಮ್ಯಾಲ, ಟ್ಯಾಂಕಿನ್ಯಾಗ ಬಿದ್ದದ, ಸಿಗತದ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು."

ಮಣ್ಣು ಮಾಡುವ ದಿನ ಅಯ್ಯನವರು ತಮ್ಮ ಜೋಳಿಗೆಯಿಂದ ಹೊಸ ಲಿಂಗವೊಂದನ್ನು ತೆಗೆದು ಅವನ ಎಡ ಅಂಗೈಯಲ್ಲಿಟ್ಟರು. ಅದು ಆತನದಲ್ಲ ಎಂದು ಸಾವಂತ್ರವ್ವನಿಗೆ ಗೊತ್ತಿತ್ತು. ಆತನಿಗೂ ಗೊತ್ತಿತ್ತು ಎಂದಳು.

ನನಗೆ ಸಿಟ್ಟು ಬಂತು. ಒಂದು ವರ್ಷದಿಂದ ನಾನು ತಲೆ ಚಚ್ಚಿಕೊಳ್ಳುತ್ತಿದ್ದೇನೆ, ಇವಳು ತಾಮ್ರದ ಮೂಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಾಳೆ. ಬೈಯಬೇಕೆಂದುಕೊಂಡೆ. ಬಿರಿದ ಬೆರಳುಗಳನ್ನು ನೋಡಿ ಬೈಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಲೆಕ್ಕ ಕೂಡಿತು. ಹಿತ್ತಾಳೆ ತಳದಲ್ಲಿ ಸುಮ್ಮನೆ ಬಿದ್ದಿದ್ದರೆ ಇಷ್ಟು ತಾಮ್ರ ಬಿಡುವುದಿಲ್ಲ. ಕರೆಂಟ್ ಹರಿಯುವ ಜಾಗದಲ್ಲಿರಬೇಕು, ಅಂದರೆ ಬುಟ್ಟಿಯೊಳಗೆ. ಮೊದಲು ಕರಡಿಗೆಯ ನಿಕಲ್ ಹೊಳಪು ಕರಗಿದೆ, ಅದಕ್ಕೆ ಎರಡು ತಿಂಗಳ ಹತ್ತಿರ. ಆಮೇಲೆ ಹಿತ್ತಾಳೆ ಬಯಲಾಗಿ ತಾಮ್ರ ಬಿಡತೊಡಗಿದೆ. ಗುರಣ್ಣ ಬಗ್ಗಿ ಬುಟ್ಟಿಗೆ ತುಂಡು ಸುರಿಯುವಾಗಲೇ ದಾರ ಹರಿದಿದೆ, ಅವನೇ ಅದರ ಮೇಲೆ ನಿಕಲ್ ಸುರಿದು ಮುಚ್ಚಿದ್ದಾನೆ.

ಬುಧವಾರ ಹನ್ನೊಂದಕ್ಕೆ ಶೆಡ್ಡಿಗೆ ಹೋದೆ. ಖಾತ್ರಿ ಮಾಡಿಕೊಳ್ಳಲೆಂದು ಏಳನೆಯ ಜಾಗದಿಂದ ಆಗಷ್ಟೇ ಎತ್ತಿದ ಗಾರ್ಡೊಂದನ್ನು ಕೈಗೆ ತೆಗೆದುಕೊಂಡೆ. ನನ್ನ ಮುಖ, ಕನ್ನಡಕ, ಎದೆಯ ಮೇಲೆ ಆ ಕಪ್ಪು. ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಕಪ್ಪಿನ ಮೇಲೆ ಏನೋ ಆಡುತ್ತಿತ್ತು. ಬೆರಳುಗಳು. ಬಗ್ಗಿ ನೋಡಿದರೆ ನನ್ನ ಬಲಗೈ ನನ್ನ ಅಂಗಿಯೊಳಗಿತ್ತು. ಗುಂಡಿ ಎರಡು ಬಿಚ್ಚಿದ್ದವು. ಕೈ ಎದೆಯ ಮೇಲೆ ಎಡಕ್ಕೂ ಬಲಕ್ಕೂ ತಡಕುತ್ತಿತ್ತು, ಅವಸರದಿಂದ, ಗಾಬರಿಯಿಂದ. ನಾನು ಹಾಕಿದ ಕೈ ಅಲ್ಲ ಅದು. ಹಿಂದಕ್ಕೆ ಎಳೆದುಕೊಳ್ಳಲು ನನಗೆ ಬಲ ಬೇಕಾಯಿತು.

ಗಾರ್ಡನ್ನು ಕೆಳಗಿಟ್ಟು ಹೊರಗೆ ಹೋಗಿ ನೀರು ಕುಡಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಸಾವಂತ್ರವ್ವನನ್ನು ಕರೆದು, ಲಿಂಗ ಏಳನೆಯ ಬುಟ್ಟಿಯಲ್ಲಿದೆ, ಈಗಲೇ ಸುರಿಸೋಣ ಎಂದೆ. ಆಕೆ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆಕೆ ಟ್ಯಾಂಕಿನ ಕಡೆ ನೋಡಿದಳು.

"ನಾಳೆ ಮಾಡೂಣ್ರಿ ಸರ."

"ಟ್ಯಾಂಕರ್ ನಾಡದ ಬರತದವ್ವಾ! ನಾಳೆ ಯಾಕ?"

"ನಾಳೆ ಗುರುವಾರ, ಶೆಡ್ ಬಂದ್ ಇರತದ. ಎಲ್ಲಾರ ಮುಂದ ಬ್ಯಾಡ್ರಿ. ಇವತ್ತೊಂದಿನ ಬಿಡ್ರಿ."

ಮಾತಿನಲ್ಲಿ ಅರ್ಥವಿತ್ತು, ಒಪ್ಪಿದೆ. ಸ್ಕೂಟರ್ ಹೊರಡಿಸುವಾಗ ತಿರುಗಿ ನೋಡಿದರೆ ಆಕೆ ಏಳನೆಯ ಜಾಗದ ಮುಂದೆ ಟ್ಯಾಂಕಿಗೆ ಬೆನ್ನು ಹಾಕಿ ನಿಂತಿದ್ದಳು. ಕೈಯಲ್ಲಿ ಗಾರ್ಡ್ ಇತ್ತು. ಸೆರಗು ಸರಿಮಾಡಿಕೊಂಡು, ಕೂದಲು ಒತ್ತಿಕೊಂಡು, ಅದರಲ್ಲಿ ನೋಡುತ್ತಿದ್ದಳು. ಕಲೆ ಪರೀಕ್ಷಿಸುತ್ತಿದ್ದಾಳೆ ಎಂದುಕೊಂಡೆ.

ಗುರುವಾರ ಸ್ವಪ್ನಿಲ್‌ನಿಂದ ಕೀಲಿ ತಂದೆ. ಕೊನೆಯ ಸಲ ಬುಟ್ಟಿಯೊಂದನ್ನು ನೋಡುತ್ತೇನೆ ಎಂದಷ್ಟೇ ಹೇಳಿದ್ದೆ. ಓಣಿಯ ಎಲ್ಲ ಶೆಡ್ಡುಗಳೂ ಮುಚ್ಚಿದ್ದವು. ಗಾಳಿ ಊದುವ ಯಂತ್ರ ನಿಂತಿತ್ತು. ಆ ಟ್ಯಾಂಕಿನ ದ್ರಾವಣ ಅಲುಗದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಟಮಟ ಮಧ್ಯಾಹ್ನದ ಬಿಸಿಲು ತಗಡಿನ ಸಂದಿಯಿಂದ ಇಳಿದು ಹಸಿರಿನ ಮೇಲೆ ಬಿದ್ದಿತ್ತು. ಏಳನೆಯ ಬುಟ್ಟಿಯ ಹತ್ತಿರ ಮಾತ್ರ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಕರೆಂಟ್ ಇಲ್ಲ, ಗಾಳಿ ಇಲ್ಲ.

ಸರಪಳಿಗೆ ಕೊಕ್ಕೆ ಸಿಕ್ಕಿಸಿ ಬುಟ್ಟಿಯನ್ನು ಎತ್ತಿದೆ. ಚೀಲ ಕಳಚಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದೆ. ಮೊದಲು ಹೊಸ ತುಂಡುಗಳು ಬಿದ್ದವು, ಆಮೇಲೆ ಕರಗಿ ಸಣ್ಣಗಾದವು, ಆಮೇಲೆ ಬರೀ ಗಷ್ಟು. ಅದು ಜಾಳಿಗೆಗೆ ಅಂಟಿಕೊಂಡಿತ್ತು. ಸಾವಂತ್ರವ್ವ ಕೈ ಹಾಕಿ ಮೆತ್ತಗೆ ಬಿಡಿಸಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದ್ದ ಕೆಂಪು ತಾಮ್ರದ ಅಂಚೊಂದು ಮುಟ್ಟುತ್ತಲೇ ಮುರಿಯಿತು. ಕರಡಿಗೆಯಿಂದ ಉಳಿದದ್ದು ಅಷ್ಟೇ. ಅದರ ನಡುವೆ ಲಿಂಗವಿತ್ತು, ಕಪ್ಪಗೆ, ನುಣ್ಣಗೆ, ಒಂದು ಗೀರೂ ಇಲ್ಲದೆ.

ಆಕೆ ಕಟ್ಟೆಗೆ ಹೋಗಿ ಅದನ್ನು ತೊಳೆದು, ಎಡ ಅಂಗೈಯಲ್ಲಿಟ್ಟುಕೊಂಡು ಬಂದಳು.

"ಹದಿಮೂರು ತಿಂಗಳ ಮಜ್ಜನ ತಪ್ಪಿಲ್ರಿ ಸರ," ಎಂದಳು. "ದಿನಾ ಪೂಜಿ ಮುಂದ ನೀರು ಹಾಕತಾರಲ್ರಿ, ಅದೊಂದು ತಪ್ಪಿಲ್ಲ."

ಮುಖ ಬೇರೆ ಕಡೆ ತಿರುಗಿಸಿದೆ. ತಿರುಗಿಸಿದ್ದು ಟ್ಯಾಂಕಿನ ಕಡೆಗೆ. ಅಲುಗದ ಹಸಿರಿನಲ್ಲಿ ನಾನು ಕಂಡೆ, ಪಕ್ಕದಲ್ಲಿ ಸಾವಂತ್ರವ್ವ ಕಂಡಳು, ನಮ್ಮಿಬ್ಬರ ನಡುವೆ ಸ್ವಲ್ಪ ಹಿಂದೆ ಇನ್ನೊಂದು ತಲೆ. ಕೈ ಎದೆಯ ಮೇಲಿರಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟಿದ್ದವು. ನೀರು ಒಮ್ಮೆ ನಡುಗಿತು, ಮತ್ತೆ ಸಮವಾದಾಗ ಇಬ್ಬರೇ ಇದ್ದೆವು. ಸಾವಂತ್ರವ್ವ ಹಿಂದೆ ತಿರುಗಿ ನೋಡಲಿಲ್ಲ. ಟ್ಯಾಂಕನ್ನೇ ನೋಡುತ್ತಿದ್ದಳು.

ಅಂದೇ ಸಂಜೆಯೊಳಗೆ ರುದ್ರಭೂಮಿಗೆ ಹೋದೆವು. ಗುರಣ್ಣನ ಗದ್ದುಗೆಯ ಮಣ್ಣನ್ನು ಆಕೆ ಕೈಯಿಂದಲೇ ಮೊಳದಷ್ಟು ಬಗೆದು ಲಿಂಗವನ್ನಿಟ್ಟು ಮುಚ್ಚಿದಳು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಎಡೆ ಇಟ್ಟಳು. "ಇನ್ನ ಉಣ್ರಿ," ಎಂದಳು, ಮನೆಯಲ್ಲಿ ತಟ್ಟೆ ಹಾಕಿ ಕರೆಯುವವರ ದನಿಯಲ್ಲಿ.

ಶುಕ್ರವಾರದ ಟ್ಯಾಂಕರನ್ನು ನಾನು ನಿಲ್ಲಿಸಿದೆ. ಸ್ವಪ್ನಿಲ್‌ಗೆ ಆ ತಾಮ್ರದ ಅಂಚನ್ನು ತೋರಿಸಿ ಹದಿನೈದು ದಿನದ ಗಡುವು ಬೇಡಿಕೊಂಡೆ. ತಗಡು ಇಳಿಬಿಟ್ಟು ಕೊನೆಯ ಸಲ ತಾಮ್ರ ತೆಗೆದೆ. ಅದು ಮತ್ತೆ ಬರಲಿಲ್ಲ. ಗಾರ್ಡುಗಳು ಕಲೆಯಿಲ್ಲದೆ ಹೊರಬಂದವು. ಏಳನೆಯ ಜಾಗಕ್ಕೆ ಒಲ್ಲೆ ಎಂದಿದ್ದವರು ಏನೂ ಆಗಿಲ್ಲ ಎಂಬಂತೆ ಕೆಲಸ ಮಾಡತೊಡಗಿದರು.

ಹದಿನಾರನೆಯ ದಿನ ಹೋದಾಗ ಸಾವಂತ್ರವ್ವ ನಳದ ಕಟ್ಟೆಯ ಮೇಲೆ ಚೀಲ ತೊಳೆಯುತ್ತಿದ್ದಳು. ಕೈಗಳಲ್ಲಿ ಕಿತ್ತಳೆ ಬಣ್ಣದ ಗ್ಲೋವ್ಸ್ ಇದ್ದವು.

"ಅಬ್ಬಾ, ಕಡೀಕೂ ಬುದ್ಧಿ ಬಂತಲ್ಲವ್ವಾ," ಎಂದು ಚೇಷ್ಟೆ ಮಾಡಿದೆ.

ಆಕೆ ನಗಲಿಲ್ಲ. "ತಿಂಗಳಾ ಮುಗದ ಮ್ಯಾಲ ಭೋರ್‌ಗೆ ಹೋಗ್ತೀನ್ರಿ ಸರ, ಮಗಳ ಕಡೆ," ಎಂದಳು. ಆಮೇಲೆ ನಳ ನಿಲ್ಲಿಸಿದಳು. "ಒಂದು ಮಾತ ಹೇಳ್ತೀನಿ. ಬೈಬ್ಯಾಡ್ರಿ. ಬುಟ್ಟ್ಯಾಗ ಅದ ಅನ್ನೂದು ನನಗ ಯುಗಾದಿ ಹೊತ್ತಿಗೇ ಗೊತ್ತಾಗಿತ್ತು."

"ಏನಂದಿ?"

"ಚೀಲದಾಗ ಇಲ್ಲ, ತಳದಾಗ ಇಲ್ಲ. ಇನ್ನೆಲ್ಲಿರತದ್ರಿ? ಅವರು ನಿಂದರೂದೂ ಏಳನೇ ಬುಟ್ಟಿ ಮುಂದನ. ದಿನಾ ತೋರಸ್ತಿದ್ರು."

"ಮತ್ತ ನಾ ಸುರೀತೀನಿ ಅನ್ನೂದ್ರಾಗ ಏನಿಲ್ಲ ಅಂದಿ?"

"ಸಿಕ್ಕಿತಂದ್ರ ಹೋಗ್ತಾರಲ್ರಿ." ಗ್ಲೋವ್ಸಿನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳನ್ನೇ ನೋಡಿದಳು. "ಗಾರ್ಡ್ ಹಿಡದ್ರ ಹಿಂದ ಬಂದು ನಿಂದರ್ತಿದ್ರು. ಲಿಂಗ ಇಲ್ಲದ ಅವರು ಉಣ್ಣಂಗಿಲ್ಲ, ನನಗ ಗೊತ್ತದ. ಗೊತ್ತಿದ್ದೂ ಆರು ತಿಂಗಳ ಉಪವಾಸ ಇಟ್ಟೆ ಸರ. ನಾ ನೋಡಬೇಕು ಅಂತ."

ನಾನು ಬೈಯಲಿಲ್ಲ. ಒಳಗಿನಿಂದ ಯಾರೋ ಆಗಷ್ಟೇ ತೊಳೆದ ಗಾರ್ಡುಗಳ ರಾಶಿಯನ್ನು ತಂದು ಕಟ್ಟೆಯ ಮೇಲಿಟ್ಟು ಹೋದರು. ಸಾವಂತ್ರವ್ವ ಗ್ಲೋವ್ಸ್ ತೆಗೆದು, ಮೇಲಿನ ಗಾರ್ಡನ್ನು ಸೆರಗಿನಿಂದ ಒರೆಸಿ ಎತ್ತಿ ಹಿಡಿದಳು. ಸ್ವಲ್ಪ ಎಡಕ್ಕೆ ವಾಲಿಸಿದಳು, ಸ್ವಲ್ಪ ಬಲಕ್ಕೆ. ನಾನೂ ಆಕೆಯ ಹೆಗಲ ಮೇಲಿಂದ ನೋಡಿದೆ. ಗಾರ್ಡ್ ಸ್ವಚ್ಛವಾಗಿತ್ತು. ನಾನು ಪಕ್ಕಕ್ಕೆ ಸರಿದು ನಿಂತೆ. ಅದರಲ್ಲಿ ಆಕೆಯೊಬ್ಬಳೇ ಉಳಿದಳು.